ಮುಸ್ಸಂಜೆಗೆ ಸಾಯುತ್ತಿದ್ದ ಪೆಟ್ಟಿಗೆ

ಸತ್ತವರನ್ನು ಎಣಿಸುವುದೇ ನನ್ನ ಕೆಲಸ ಎಂದು ಉಮ್ಮತ್ತೂರಿನ ನಮ್ಮ ಮನೆಯಲ್ಲಿ ತಮಾಷೆ ಮಾಡುತ್ತಿದ್ದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಚಾಮರಾಜನಗರದ ಹಳೆಯ ಕಟ್ಟಡವೊಂದರ ಹಿಂಬದಿಯ ಕೋಣೆಯಲ್ಲಿ ಕೂತು ನಾನು ಇಡೀ ದಿನ ಒಂದು ಪರದೆ ನೋಡುತ್ತಿದ್ದೆ. ಗುಂಡ್ಲುಪೇಟೆ ತಾಲ್ಲೂಕಿನ ಕಾಡಂಚಿನಲ್ಲಿ, ಹಂಗಳದ ಆಚೆ, ಭೀಮನಬೀಡಿನ ಸುತ್ತಮುತ್ತ, ರೈತರ ಮನೆಗಳ ಮೇಲೆ ನಮ್ಮ ಸಂಸ್ಥೆಯವರು ಸಣ್ಣ ಕಂಪ್ಯೂಟರುಗಳನ್ನು ಕೂರಿಸಿದ್ದರು. ನಮ್ಮ ಲೆಕ್ಕದಲ್ಲಿ ಅವು ಕ್ಲಸ್ಟರ್ ಎಂಬ ಒಂದೇ ಜಾಲದ ನೋಡ್‌ಗಳು. ಊರಿನವರ ಬಾಯಲ್ಲಿ ಪೆಟ್ಟಿಗೆ. ಹೊಲದ ಅಂಚಿನ ಕ್ಯಾಮೆರಾದಿಂದ ಬರುವ ಚಿತ್ರವನ್ನು ಪೆಟ್ಟಿಗೆ ನೋಡುತ್ತಿತ್ತು. ಆನೆಯೋ ದನವೋ ಎಂದು ತಾನೇ ತೀರ್ಮಾನಿಸಿ ನನ್ನ ಕೋಣೆಯ ಮುಖ್ಯ ಯಂತ್ರಕ್ಕೆ ಹೇಳುತ್ತಿತ್ತು. ಮುಖ್ಯ ಯಂತ್ರ ಆ ಊರಿನವರ ಫೋನುಗಳಿಗೆ ಮೆಸೇಜ್ ಕಳಿಸುತ್ತಿತ್ತು: ಆನೆ ಬಂದಿದೆ, ಹೊಲಕ್ಕೆ ಇಳಿಯಬೇಡಿ.

ಹಗಲು ಹೊತ್ತಿನಲ್ಲಿ ಇದೇ ಪೆಟ್ಟಿಗೆಗಳು ಕಾಡಿನ ಸಾವಿರಾರು ಹಳೆಯ ಚಿತ್ರಗಳನ್ನು ಹಂಚಿಕೊಂಡು ಒಂದೇ ದೊಡ್ಡ ಯಂತ್ರದ ಹಾಗೆ ದುಡಿಯುತ್ತಿದ್ದವು. ಪ್ರತಿಯೊಂದು ಪೆಟ್ಟಿಗೆಯೂ ಆಗಾಗ ಮುಖ್ಯ ಯಂತ್ರಕ್ಕೆ 'ಇದ್ದೇನೆ' ಎಂದು ಸುದ್ದಿ ಮುಟ್ಟಿಸಬೇಕು. ಅದಕ್ಕೆ ನಾವು ನಾಡಿ ಎನ್ನುತ್ತಿದ್ದೆವು. ನಾಡಿ ತಪ್ಪಿದರೆ ಮುಖ್ಯ ಯಂತ್ರ ಒಂದಷ್ಟು ಹೊತ್ತು ಕಾದು, ಆ ಪೆಟ್ಟಿಗೆಯ ಹೆಸರಿನ ಮುಂದೆ ಕೆಂಪಕ್ಷರದಲ್ಲಿ ಸತ್ತಿದೆ ಎಂದು ತೋರಿಸುತ್ತಿತ್ತು. ಮಳೆ, ಗುಡುಗು, ಕರೆಂಟು, ಇಲಿ, ಕೋತಿ, ಯಾವುದರಿಂದ ಬೇಕಾದರೂ ನಾಡಿ ತಪ್ಪಬಹುದು. ಯಾವುದರಿಂದ ಎಂದು ಪತ್ತೆ ಮಾಡಿ ಸರಿಪಡಿಸುವುದು ನನ್ನ ಪಾಲಿನ ಕೆಲಸ. ಜೀಪು ಓಡಿಸಿಕೊಂಡು ಹೋಗಿ, ಏಣಿ ಹತ್ತಿ, ವೈರು ಬದಲಾಯಿಸುವುದು ನನ್ನ ಜೊತೆಗಿದ್ದ ಟೆಕ್ನಿಷಿಯನ್ನಿನ ಕೆಲಸ. ಆತ ಗುಂಡ್ಲುಪೇಟೆಯವನು, ನನಗಿಂತ ವಯಸ್ಸಿನಲ್ಲಿ ದೊಡ್ಡವನು. ನಾನು ಅಣ್ಣ ಎನ್ನುತ್ತಿದ್ದೆ. ಕೇರಳದ ಲಾರಿಯವರ ಜೊತೆ ಮಲಯಾಳದಲ್ಲಿ ಹರಟುತ್ತ ಟೀ ಕುಡಿಯುವ, ಯಾರ ಮೇಲೂ ದನಿ ಎತ್ತದ ಮನುಷ್ಯ.

ಆ ವರ್ಷ ಚೆಂಡುಹೂವಿನ ಕಾಲದಲ್ಲಿ ಒಂದು ಪೆಟ್ಟಿಗೆ ದಿನಾ ಮುಸ್ಸಂಜೆಗೆ ಸಾಯತೊಡಗಿತು. ಹಂಗಳದಿಂದ ಇನ್ನೂ ಒಳಗೆ, ಗೋಪಾಲಸ್ವಾಮಿ ಬೆಟ್ಟ ಕಾಣುವ ಒಂದು ಊರು. ಊರಿನ ಕೊನೆಯ ಮನೆ. ಆ ಮನೆಯ ಯಜಮಾನರದು ದೊಡ್ಡ ಜಮೀನು: ಬಾಳೆ, ಅರಿಶಿನ, ಕೆಳಗಡೆ ಚೆಂಡುಹೂವು. ಹಣೆ ತುಂಬ ವಿಭೂತಿ, ಹೆಗಲ ಮೇಲೆ ಟವೆಲ್ಲು. ಅವರ ಅಣ್ಣನನ್ನು ಹಿಂದೆ ಆನೆ ಕೊಂದಿತ್ತು. ಅದಕ್ಕೇ ಪೆಟ್ಟಿಗೆಯನ್ನು ನಮ್ಮ ಮನೆ ಮೇಲೇ ಇಡಿ ಎಂದು ತಾವಾಗಿ ಕೇಳಿ ಇಡಿಸಿಕೊಂಡವರು. ನಾವು ಹೋದಾಗಲೆಲ್ಲ ಊಟ ಮಾಡದೆ ಕಳಿಸುತ್ತಿರಲಿಲ್ಲ.

ಪೆಟ್ಟಿಗೆ ಸಂಜೆ ಸಾಯುವುದು, ಬೆಳಗಾದ ಮೇಲೆ ತಾನಾಗಿ ಬದುಕುವುದು. ಅಣ್ಣ ಹೋಗಿ ಸಿಮ್ ಬದಲಾಯಿಸಿ ಬಂದ. ಪೆಟ್ಟಿಗೆಯ ಮಾತನ್ನು ಟವರಿಗೆ ಮುಟ್ಟಿಸುವ ಮೋಡೆಮ್ ಬದಲಾಯಿಸಿ ಬಂದ. ಅವನು ಹೋಗುತ್ತಿದ್ದದ್ದು ಹಗಲು, ಹಗಲಿಗೆ ಎಲ್ಲವೂ ನೆಟ್ಟಗಿರುತ್ತಿತ್ತು. ಸಂಜೆ ಹೊತ್ತಿಗೆ ಎಲ್ಲರೂ ಫೋನು ಹಿಡಿಯುವುದರಿಂದ ನೆಟ್‌ವರ್ಕ್ ನಿಧಾನವಾಗುತ್ತದೆ ಎಂದುಕೊಂಡು ನಾನು ಮುಖ್ಯ ಯಂತ್ರ ಕಾಯುವ ಹೊತ್ತನ್ನು ಹೆಚ್ಚು ಮಾಡಿದೆ. ಪೆಟ್ಟಿಗೆ ಸಾಯುವುದು ಒಂದಿಷ್ಟು ತಡವಾಯಿತು, ಅಷ್ಟೆ. ಪಕ್ಕದ ಊರುಗಳ ಪೆಟ್ಟಿಗೆಗಳು ಅದೇ ಟವರಿನಿಂದ ಅದೇ ಹೊತ್ತಿನಲ್ಲಿ ಸಲೀಸಾಗಿ ಮಾತಾಡುತ್ತಿದ್ದವು. ಹಾಗಾದರೆ ತೊಂದರೆ ಟವರಿನದಲ್ಲ, ಮನೆಯದು. ಅಷ್ಟರವರೆಗೆ ಬಂದಿದ್ದೆ. ಮುಂದಿನ ವಾರ ಸಂಜೆ ಹೊತ್ತಿಗೇ ಹೋಗಿ ನೋಡೋಣ ಎಂದು ಅಣ್ಣನಿಗೆ ಹೇಳಿದ್ದೆ.

ಆ ವಾರ ಬರುವ ಮುಂಚೆಯೇ ಅಣ್ಣನ ಫೋನ್ ಬಂತು. ನಾನು ಇನ್ನೂ ಬಸ್ಸಿನಲ್ಲಿದ್ದೆ. ಆ ಊರಿನಲ್ಲಿ ಆನೆ ಒಬ್ಬ ಹೆಂಗಸನ್ನು ತುಳಿದಿದೆ, ಮೇಲಿನವರು ಈಗಲೇ ಹೋಗಿ ಪೆಟ್ಟಿಗೆ ನೋಡಿ ಅಂದರು ಎಂದ.

ನಾವು ತಲುಪುವ ಹೊತ್ತಿಗೆ ಬಿಸಿಲು ಏರಿತ್ತು. ಹೆಣವನ್ನು ಇನ್ನೂ ಎತ್ತಿರಲಿಲ್ಲ. ಯಜಮಾನರ ಚೆಂಡುಹೂವಿನ ಹೊಲದ ನಡುವೆ ಹೂವಿನ ಸಾಲುಗಳು ಒಂದು ಕಡೆ ನೆಲಸಮವಾಗಿದ್ದವು. ಆಕೆಯ ಮೇಲೆ ಸೀರೆಯೊಂದನ್ನು ಹೊದಿಸಿದ್ದರು. ಹೊದಿಸಿದ ಸೀರೆ ಮನುಷ್ಯರ ಮೈಯ ಮೇಲೆ ನಿಲ್ಲುವ ಹಾಗೆ ನಿಂತಿರಲಿಲ್ಲ. ಎದೆ ಇರಬೇಕಾದ ಜಾಗದಲ್ಲಿ ಬಟ್ಟೆ ನೆಲಕ್ಕೆ ಅಂಟಿಕೊಂಡಿತ್ತು. ಹೂವು ಕೀಳುವ ಕೂಲಿಗೆಂದು ಬೆಳಕು ಹರಿಯುವ ಮುಂಚೆ ಎಲ್ಲರಿಗಿಂತ ಮೊದಲು ಬಂದಿದ್ದಳಂತೆ. ಅವಳ ಗಂಡ ಬದುವಿನ ಮೇಲೆ ಮಂಡಿಯೂರಿ ಕೂತು ಎರಡೂ ಕೈಯಿಂದ ಮಣ್ಣು ಬಡಿಯುತ್ತಿದ್ದ.

ನಮ್ಮ ಜೀಪು ಗುರುತಾದ ತಕ್ಷಣ ಜನ ಹೊಲ ಬಿಟ್ಟು ರಸ್ತೆಗೆ ಓಡಿ ಬಂದರು. ಮೊದಲು ಗಾಜು ಹೋಯಿತು. ಆಮೇಲೆ ಬಾಗಿಲು ತೆಗೆದು ಅಣ್ಣನನ್ನು ಕತ್ತಿನ ಪಟ್ಟಿ ಹಿಡಿದು ಎಳೆದರು.

"ಯಾಕ್ಲಾ ಮೆಸೇಜ್ ಬರ್ನಿಲ್ಲ? ಹೇಳ್ಲಾ."

"ಲೈನ್ ಕಟ್ಟಾಗಿತ್ತು ಕಣ್ರಪ್ಪ," ಎಂದ ಅಣ್ಣ.

"ನಿಮ್ ಲೈನು ಕಟ್ಟಾಗದು, ನಮ್ ಎಣ್ಣು ಸಾಯದು."

ಹಾಗೆಂದವನು ಕೈ ಮುಷ್ಟಿ ಮಾಡಿ ಅಣ್ಣನ ಮೂಗಿಗೆ ಗುದ್ದಿದ. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಬಿದ್ದವನನ್ನು ಒದ್ದರು. ಒಬ್ಬ ಚಪ್ಪಲಿ ಬಿಚ್ಚಿ ಮುಖಕ್ಕೇ ಹೊಡೆಯುತ್ತಿದ್ದ, ಇನ್ನೊಬ್ಬ ಜೀಪಿನ ಜಾಕ್ ರಾಡನ್ನು ತೆಗೆದುಕೊಂಡು ಬರುತ್ತಿದ್ದ. ನಾನು ಅಣ್ಣನ ಮೇಲೆ ಬಗ್ಗಲು ಹೋದಾಗ ಒಬ್ಬ ಹೆಂಗಸು ನನ್ನ ಜಡೆ ಹಿಡಿದು ಹಿಂದಕ್ಕೆ ಎಳೆದು ಬೆನ್ನಿಗೆ ಗುದ್ದಿದಳು. ಗುದ್ದುತ್ತಲೇ ಅಳುತ್ತಿದ್ದಳು. ಅಷ್ಟರಲ್ಲಿ ಯಾರೋ ಯಜಮಾನರ ಮಾಳಿಗೆ ಹತ್ತಿ ಪೆಟ್ಟಿಗೆಯನ್ನು ಕಿತ್ತು ಅಂಗಳಕ್ಕೆ ಎಸೆದರು. ಅದು ಚಪ್ಪಡಿ ಕಲ್ಲಿನ ಮೇಲೆ ಬಿದ್ದು ಬಿರಿಯಿತು.

ನಮ್ಮನ್ನು ಉಳಿಸಿದ್ದು ಯಜಮಾನರು. ಎತ್ತಿಗೆ ಹೊಡೆಯುವ ಬಾರುಕೋಲು ಹಿಡಿದು ಗುಂಪಿನ ಒಳಗೆ ನುಗ್ಗಿದರು. ಯಾರ ಬೆನ್ನು, ಯಾರ ಮುಖ ಎಂದು ನೋಡಲಿಲ್ಲ. ಕೋಲು ಬೀಸಿದ ಕಡೆ ಜನ ಚದುರಿದರು. ರಾಡು ಹಿಡಿದವನ ಕೆನ್ನೆಯ ಮೇಲೆ ಬಾರು ಸೀಳಿ ರಕ್ತ ಕುತ್ತಿಗೆಗೆ ಇಳಿಯಿತು.

"ಬುಡ್ರಲಾ. ಬುಡ್ರಿ ಅಂದ್ರೆ ಬುಡ್ಬೇಕು. ನನ್ ಜಮೀನ್ ಮುಂದೆ ಇವರ್ನ ಕೊಂದಾಕಿರಾ?"

ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ಓಗಮ್ಮಿ, ಒಳೀಕೋಗಿ ಕೂತ್ಕೊ. ಯಾರೂ ಮುಟ್ಟಕಿಲ್ಲ," ಅಂದರು.

ಅವರ ಹೆಂಡತಿ ನನ್ನನ್ನು ಅಡುಗೆಮನೆಯಲ್ಲಿ ಕೂರಿಸಿ ನೀರು ಕೊಟ್ಟರು. ಅಣ್ಣನ ಮೂಗಿಗೆ ಬಟ್ಟೆ ಒತ್ತಿ ಹಿಡಿದರು. ಹೊರಡುವಾಗ ಒಡೆದ ಪೆಟ್ಟಿಗೆಯನ್ನು ಹಳೆಯ ಗೋಣಿಚೀಲದಲ್ಲಿ ಹಾಕಿ ಅವರೇ ಜೀಪಿನಲ್ಲಿಟ್ಟರು.

ಚಾಮರಾಜನಗರದಲ್ಲಿ ಆ ಪೆಟ್ಟಿಗೆಯನ್ನು ಬಿಚ್ಚಿದೆ. ಹೊರಗಿನ ಕವಚ ಚೂರಾಗಿದ್ದರೂ ಒಳಗಿನ ಡಿಸ್ಕು ಉಳಿದಿತ್ತು. ಅದನ್ನು ನನ್ನ ಕಂಪ್ಯೂಟರಿಗೆ ಸಿಕ್ಕಿಸಿ ಓದಿದೆ. ಆ ಬೆಳಿಗ್ಗೆ ಪೆಟ್ಟಿಗೆ ಸತ್ತೇ ಇರಲಿಲ್ಲ. ಆನೆ ಹೊಲಕ್ಕೆ ಇಳಿದದ್ದನ್ನು ಅದು ನೋಡಿತ್ತು, ಆನೆ ಎಂದು ಸರಿಯಾಗಿ ಗುರುತಿಸಿತ್ತು. ಆ ಹೆಂಗಸು ಮನೆ ಬಿಡುವ ಎಷ್ಟೋ ಮುಂಚೆ. ಹೇಳಲು ಮತ್ತೆ ಮತ್ತೆ ಯತ್ನಿಸಿತ್ತು. ಹೇಳಲು ದಾರಿ ಇರಲಿಲ್ಲ.

ಅಣ್ಣ ಮೂಗಿಗೆ ಪಟ್ಟಿ ಕಟ್ಟಿಕೊಂಡು ಪಕ್ಕದಲ್ಲಿ ಕೂತಿದ್ದ. "ಹಂಗಾರೆ ಪೆಟ್ಗೆ ಸತ್ತಿರ್ನಿಲ್ವಾ?" ಎಂದು ಕೇಳಿದ.

"ಇಲ್ಲ ಕಣಣ್ಣ. ಬದುಕಿತ್ತು. ಬಾಯಿ ಕಟ್ಟಿತ್ತು ಅಷ್ಟೆ."

ಪೆಟ್ಟಿಗೆಯ ಒಳಗೆ ಬ್ಯಾಟರಿ ಇತ್ತು, ಕರೆಂಟು ಹೋದರೂ ಅದು ನಡೆಯುತ್ತಿತ್ತು. ಮೋಡೆಮ್ ಮಾತ್ರ ನೇರವಾಗಿ ಗೋಡೆಯ ಪ್ಲಗ್ಗಿನಲ್ಲಿತ್ತು. ಕರೆಂಟು ಬಿದ್ದರೆ ಮೋಡೆಮ್ ಸಾಯುತ್ತಿತ್ತು, ಮಾಳಿಗೆಯ ಮೇಲಿನ ಪೆಟ್ಟಿಗೆ ಮೂಕವಾಗುತ್ತಿತ್ತು. ಬೆಳಗಾಗಿ ಸಂಪರ್ಕ ಮರಳಿದಾಗ ಮುಖ್ಯ ಯಂತ್ರ ಅದನ್ನು ಹೊಸ ಸದಸ್ಯ ಎಂದು ಸೇರಿಸಿಕೊಳ್ಳುತ್ತಿತ್ತೇ ಹೊರತು ಹಳೆಯ ಸುದ್ದಿಯನ್ನು ಕೇಳುತ್ತಿರಲಿಲ್ಲ. ಸತ್ತವನು ವಾಪಸ್ ಬಂದು ಹೇಳಿದ್ದನ್ನು ನಂಬಬಾರದು ಎಂಬುದೇ ಕ್ಲಸ್ಟರಿನ ಕಟ್ಟಳೆ.

ಆದರೆ ಊರಲ್ಲಿ ಆ ಹೊತ್ತಿಗೆ ಕರೆಂಟು ಹೋಗಿರಲಿಲ್ಲ. ಬ್ಯಾಟರಿಯ ಸರ್ಕ್ಯೂಟು ಗೋಡೆಯ ವೋಲ್ಟೇಜನ್ನು ಬರೆದಿಡುತ್ತಿತ್ತು. ಅದನ್ನು ಗೆರೆಯಾಗಿ ಎಳೆದು ನೋಡಿದೆ. ದಿನಾ ಹೊತ್ತು ಮುಳುಗುವಾಗ ಗೆರೆ ಮೆಟ್ಟಿಲಿಳಿದ ಹಾಗೆ ಕೆಳಗಿಳಿಯುತ್ತಿತ್ತು, ಬೆಳಕು ಹರಿಯುವಾಗ ಮೇಲೆ ಹತ್ತುತ್ತಿತ್ತು. ಪಂಪುಸೆಟ್ಟು ಇರಬಹುದೆಂದರೆ, ಸಂಜೆ ಆ ಊರಿಗೆ ಪಂಪು ಓಡಿಸುವ ತ್ರೀ ಫೇಸ್ ಕರೆಂಟೇ ಇರುವುದಿಲ್ಲ. ಇನ್ನೂ ಒಂದು ವಿಷಯವಿತ್ತು. ಕೆಲವು ಕಡೆ, ಕೆಳಗಿಳಿದ ಗೆರೆ ಇದ್ದಕ್ಕಿದ್ದಂತೆ ಪಾತಾಳಕ್ಕೆ ಬಿದ್ದು, ಒಂದಷ್ಟು ಹೊತ್ತು ಅಲ್ಲೇ ಒದ್ದಾಡಿ, ಮತ್ತೆ ಎದ್ದಿತ್ತು. ಆ ಜಾಗಗಳನ್ನು ದೊಡ್ಡದು ಮಾಡಿ ನೋಡಿದೆ. ಏನೋ ಜೀವ ಆ ಗೆರೆಯನ್ನು ಹಿಡಿದು ಎಳೆದ ಹಾಗಿತ್ತು. ನಾನು ಹಳ್ಳಿಯವಳು. ಕಾಡುಹಂದಿ ಕೊಲ್ಲಲು ಹೊಲದ ತಂತಿಗೆ ಕರೆಂಟು ಬಿಡುವುದು ನನಗೆ ಗೊತ್ತಿಲ್ಲದ ವಿಷಯವಲ್ಲ. ಆದರೆ ಇದು ನಮ್ಮನ್ನು ಹೊಡೆತದಿಂದ ಬಿಡಿಸಿದವರ ಮನೆ. ಬೇರೆ ಏನಾದರೂ ಇರಲಿ ಎಂದೇ ಬಯಸಿದೆ.

ಹೊಸ ಪೆಟ್ಟಿಗೆ ಕೂರಿಸುವ ನೆಪದಲ್ಲಿ ಒಂದು ಸಂಜೆ ಹೋದೆವು. ಯಜಮಾನರು ಹೊಲದ ಕಡೆ ಹೋಗಿದ್ದರು. ಅವರ ಹೆಂಡತಿ ಕಾಫಿ ಕೊಟ್ಟು, ಸೀಮೆಎಣ್ಣೆ ದೀಪದ ಗಾಜು ಒರೆಸಿ, ಬತ್ತಿ ಹಚ್ಚಿ ಒಲೆಯ ಪಕ್ಕದಲ್ಲಿಟ್ಟರು. ತಲೆಯ ಮೇಲೆ ಬಲ್ಬು ಚೆನ್ನಾಗಿಯೇ ಉರಿಯುತ್ತಿತ್ತು. ನಾನು ಗೋಡೆಯ ಪ್ಲಗ್ಗಿಗೆ ಮೀಟರ್ ಸಿಕ್ಕಿಸಿ ನಿಂತೆ. ಅವರು ದೀಪ ಹಚ್ಚಿ ಸ್ವಲ್ಪ ಹೊತ್ತಿಗೆ ಮೀಟರಿನ ಅಂಕಿ ಕುಸಿಯಿತು, ಬಲ್ಬು ಕೆಂಪು ದಾರದಷ್ಟಾಯಿತು, ಮೋಡೆಮ್ಮಿನ ಹಸಿರು ದೀಪಗಳು ಆರಿದವು.

ನಾನು ಅವರನ್ನು ನೋಡಿದೆ. ಅವರು ದೀಪದ ಬತ್ತಿಯನ್ನು ನೋಡುತ್ತಿದ್ದರು.

"ದಿನಾ ಇಂಗೇಯಾ ಅಮ್ಮ?"

"ನನ್ನೇನ್ ಕೇಳ್ಬೇಡ ಕಣಮ್ಮಿ," ಅಂದರು.

ನಾನೂ ಅಣ್ಣನೂ ಹಿತ್ತಲಿನಿಂದ ಇಳಿದು ಕರೆಂಟು ಲೈನಿನ ಕೆಳಗೇ ನಡೆದೆವು. ಬೆಳಕು ಇನ್ನೂ ಇತ್ತು. ಮಧ್ಯಾಹ್ನ ಮಳೆ ಬಂದು ನೆಲ ಒದ್ದೆಯಾಗಿತ್ತು. ಬಾಳೆ ತೋಟ ಮುಗಿಯುವ ಕಡೆ, ಮೇಲಿನ ತಂತಿಗೆ ಒಂದು ಉದ್ದ ಬಿದಿರನ್ನು ಆನಿಸಿದ್ದರು. ಬಿದಿರಿನ ತುದಿಯ ಕೊಕ್ಕೆಯಿಂದ ಹೊದಿಕೆಯಿಲ್ಲದ ಒಂದು ತಂತಿ ಇಳಿದು, ಗೂಟದಿಂದ ಗೂಟಕ್ಕೆ, ಮೊಣಕಾಲೆತ್ತರದಲ್ಲಿ ಹೊಲದ ಒಂದು ಬದಿಯ ಅಂಚಿಗಷ್ಟೇ ಓಡಿತ್ತು. ಒದ್ದೆ ಹುಲ್ಲು ತಗುಲಿದ ಕಡೆ ಚಟಚಟ ಅನ್ನುತ್ತಿತ್ತು. ಸ್ವಲ್ಪ ದೂರದಲ್ಲಿ ಒಂದು ನಾಯಿ ತಂತಿಯನ್ನು ಕಚ್ಚಿಕೊಂಡೇ ಸತ್ತಿತ್ತು. ತುಟಿ ಸುಟ್ಟು ಹಲ್ಲು ಬಿಟ್ಟುಕೊಂಡಿತ್ತು. ಈಗಷ್ಟೇ ಸತ್ತದ್ದು, ಹಿಂಗಾಲು ಇನ್ನೂ ಅದುರುತ್ತಿತ್ತು. ಸುಟ್ಟ ಕೂದಲಿನ ವಾಸನೆ ಮೂಗಿಗೆ ಬಡಿಯಿತು. ಅದರಾಚೆ ಮಣ್ಣಿನಲ್ಲಿ ಹಂದಿ ಎಳೆದ ಗುರುತು, ಒಣಗಿದ ರಕ್ತ.

"ಯಾನ ನೋಡ್ತಿದ್ದೀಯೆ ಕಣಮ್ಮಿ?"

ಯಜಮಾನರು ಬಾಳೆಯ ಸಾಲಿನಿಂದ ಹೊರಗೆ ಬಂದರು. ಕೈಯಲ್ಲಿ ಬಾಳೆಗಿಡಕ್ಕೆ ಆಸರೆ ಕೊಡುವ ಗಳ, ಸರ್ವೆ ಮರದ ಉದ್ದ ಕೋಲು, ಇತ್ತು.

"ಈ ತಂತಿ ಯಾರ್ದು ಯಜಮಾನ್ರೆ?"

"ನಂದೇಯ. ಹಂದಿಗಾಕಿದ್ದೀನಿ. ಬೆಳಕರಿಯೊತ್ಗೆ ತೆಗ್ದಾಕ್ತೀನಿ. ಯಾರ್ಗೂ ಏನೂ ಆಗಿಲ್ಲ."

"ಆನೆ ಮುಟ್ಟುದ್ರೆ?" ಎಂದ ಅಣ್ಣ.

"ಮುಟ್ಲಿ. ನಮ್ಮಣ್ಣುನ್ನ ಸೀಳಾಕ್ತಲ್ಲ, ಅವತ್ತು ಯಾವ ಪೆಟ್ಗೆ ಬಂದಿತ್ಲಾ? ನಿಮ್ ಪೆಟ್ಗೆನೂ ಇಟ್ಕೊಂಡೆ. ಇದನ್ನೂ ಹಾಕ್ದೆ. ನನ್ ಬೆಳೆ, ನನ್ ಜನ, ನಾನ್ ಕಾಯ್ಬೇಕು."

ಅವರು ಹೇಳಿದ್ದು ಅರ್ಥವಾಗದೇ ಇರಲಿಲ್ಲ. ಅವರಿಗೇ ಗೊತ್ತಿಲ್ಲದ್ದೊಂದು ನನಗೆ ಗೊತ್ತಿತ್ತು. ಅದನ್ನು ಹೇಳದೆ ಅಲ್ಲಿಂದ ಹೊರಡಲು ನನ್ನಿಂದ ಆಗಲಿಲ್ಲ.

"ಈ ತಂತಿ ಹಾಕ್ದೇಟ್ಗೆ ಕರೆಂಟು ನೆಲಕ್ಕೆ ಸೋರಿ ನಿಮ್ಮನೇಲಿ ಬಿದ್ದೋಯ್ತದೆ. ಕರೆಂಟು ಬಿದ್ರೆ ಪೆಟ್ಗೆ ಬಾಯಿ ಕಟ್ಟೋಯ್ತದೆ. ಅವತ್ತು ಬೆಳಿಗ್ಗೆ ಪೆಟ್ಗೆ ಆನೆನ ನೋಡಿತ್ತು ಯಜಮಾನ್ರೆ. ಹೇಳಕ್ಕೆ ಆಗ್ನಿಲ್ಲ."

"ಅಂದ್ರೆ?"

"ಆ ಯಮ್ಮ ಸತ್ತದ್ದು ಈ ತಂತಿಯಿಂದ."

ಅವರು ಒಂದು ಕ್ಷಣ ನನ್ನನ್ನು ನೋಡಿದರು. ಕೋಪ ಬರುವ ಮುಂಚೆ ಆ ಮುಖದಲ್ಲಿ ಬೇರೇನೋ ಬಂದು ಹೋಯಿತು. ಆಮೇಲೆ ಗಳ ಎತ್ತಿ ಬೀಸಿದರು. ತಲೆಗೆ ಬೀಳಬೇಕಾದ ಏಟಿಗೆ ನಾನು ಎಡಗೈ ಅಡ್ಡ ಕೊಟ್ಟೆ. ಮೊಣಕೈ ಕೆಳಗೆ ಒಣ ಕಡ್ಡಿಯಂತೆ ಲಟಕ್ ಎಂದಿತು. ನೋವು ಕೂಡಲೇ ಬರಲಿಲ್ಲ. ಕೈ ಬೇರೆ ಯಾರದೋ ಎಂಬಂತೆ ಜೋತು ಬಿತ್ತು. ಅಡ್ಡ ಬಂದ ಅಣ್ಣನ ಪಕ್ಕೆಗೆ ಎರಡನೆಯ ಏಟು. ಅವನು ಮಗುಚಿ ಬಿದ್ದ. ಯಜಮಾನರು ಗಳ ಎಸೆದು ನನ್ನ ಕೂದಲು ಹಿಡಿದರು.

"ತಂತಿಯಿಂದ ಸತ್ಲಾ? ಬಾ ನೋಡನ, ತಂತಿ ಎಂಗ್ ಸಾಯಿಸ್ತದೆ ಅಂತ."

ಒದ್ದೆ ಮಣ್ಣಿನಲ್ಲಿ ನನ್ನನ್ನು ಎಳೆದುಕೊಂಡು ನಡೆದರು. ಚಪ್ಪಲಿ ಎಲ್ಲೋ ಕಳಚಿತು. ಮುರಿದ ಕೈ ಕಲ್ಲಿಗೆ ಬಡಿಯಿತು, ಆಗ ನೋವು ಬಂತು, ಬಂದದ್ದೇ ಕಣ್ಣು ಕತ್ತಲಿಟ್ಟಿತು. ಬಲಗೈಯಿಂದ ಅವರ ಮಣಿಕಟ್ಟನ್ನು ಪರಚಿದೆ, ಸಿಕ್ಕಿದ ಕಡೆ ಕಚ್ಚಿದೆ. ಬಾಯಿಗೆ ಅವರ ರಕ್ತದ ರುಚಿ ಬಂತು. ತಂತಿಯ ಚಟಚಟ ಹತ್ತಿರವಾಗುತ್ತಿತ್ತು. ಅವರು ನನ್ನ ಕತ್ತಿನ ಹಿಂಭಾಗಕ್ಕೆ ಕೈ ಕೊಟ್ಟು ತಳ್ಳಿದ್ದು ನೆನಪಿದೆ. ಎದೆಯ ಕೆಳಗೆ ತಂತಿ ಒತ್ತಿದ್ದು ನೆನಪಿದೆ. ಏನೂ ಆಗಲಿಲ್ಲ. ಅದು ಬರಿ ತಂತಿಯಾಗಿತ್ತು.

ಅಷ್ಟರಲ್ಲಿ ಅಣ್ಣ ತೆವಳಿಕೊಂಡು ಹೋಗಿ ಆನಿಸಿದ್ದ ಬಿದಿರನ್ನು ಭುಜದಿಂದ ತಳ್ಳಿ ಬೀಳಿಸಿದ್ದ. ಮೇಲೆ ಒಂದು ನೀಲಿ ಕಿಡಿ ಹಾರಿ ಕೊಕ್ಕೆ ಕಳಚಿತ್ತು. ಯಜಮಾನರು ಏನಾಯಿತೆಂದು ತಿರುಗುವಷ್ಟರಲ್ಲಿ ಅವನು ಅವರೇ ಎಸೆದಿದ್ದ ಗಳ ಹಿಡಿದು ಮೇಲೆ ಬಿದ್ದ. ಅಣ್ಣನ ಆ ಮುಖವನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ಮೊದಲ ಏಟಿಗೆ ಯಜಮಾನರ ಕಿವಿ ಹರಿಯಿತು. ಬಿದ್ದ ಮೇಲೂ ಹೊಡೆದ. ಮೂಗು, ದವಡೆ, ತಡೆಯಲು ಎತ್ತಿದ ಬೆರಳುಗಳು. ಪ್ರತಿ ಏಟಿಗೂ ಅವನ ಪಟ್ಟಿ ಕಟ್ಟಿದ ಮೂಗಿನಿಂದ ಸಿಳ್ಳೆಯಂತೆ ಉಸಿರು ಬರುತ್ತಿತ್ತು. ನಾನು ತಂತಿಯ ಮೇಲೆ ಬಿದ್ದಲ್ಲಿಂದಲೇ ಸಾಕು ಅಂದೆ. ಅವನಿಗೆ ಕೇಳಿಸಲಿಲ್ಲ.

ಮನೆಯ ಕಡೆಯಿಂದ ಯಜಮಾನರ ಹೆಂಡತಿ ಓಡಿ ಬಂದು ಗಂಡನ ಮೇಲೆ ಅಡ್ಡ ಬಿದ್ದರು. ಇಳಿಯುತ್ತಿದ್ದ ಗಳ ನಿಲ್ಲಲಿಲ್ಲ. ಆ ಏಟು ಅವರ ಬೆನ್ನಿಗೆ ಬಿತ್ತು. ಹಕ್ಕಿ ಕೂಗಿದಂತೆ ಒಂದು ಸಣ್ಣ ಸದ್ದು ಮಾಡಿದರು. ಆ ಸದ್ದಿಗೆ ಅಣ್ಣ ನಿಂತ. ಗಳವನ್ನು ಕೆಳಗಿಟ್ಟು ತನ್ನ ಕೈಗಳನ್ನು ನೋಡಿಕೊಂಡ.

ನಾವು ನಾಲ್ಕೂ ಜನ ಒಂದೇ ಜೀಪಿನಲ್ಲಿ ಗುಂಡ್ಲುಪೇಟೆ ಆಸ್ಪತ್ರೆಗೆ ಹೋದೆವು. ಬೇರೆ ಗಾಡಿ ಇರಲಿಲ್ಲ. ಅಣ್ಣ ಓಡಿಸುತ್ತಿದ್ದ. ಹಿಂದಿನ ಸೀಟಿನಲ್ಲಿ ಯಜಮಾನರು ಹೆಂಡತಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದರು. ಆಕೆಯ ಸೀರೆಯ ಮಡಿಲು ಕೆಂಪಾಗಿತ್ತು. ನಾನು ಮುಂದೆ, ಮುರಿದ ಕೈಯನ್ನು ದುಪಟ್ಟಾದಲ್ಲಿ ಕಟ್ಟಿಕೊಂಡು ಹಲ್ಲು ಕಚ್ಚಿ ಕೂತಿದ್ದೆ. ಒಡೆದ ಗಾಜಿನ ಜಾಗಕ್ಕೆ ಕಟ್ಟಿದ್ದ ಪ್ಲಾಸ್ಟಿಕ್ಕು ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಹಂಗಳ ದಾಟಿದ ಮೇಲೆ ಹಿಂದಿನಿಂದ ಯಜಮಾನರು ಏನೋ ಕೇಳಿದರು. ದವಡೆ ಒಡೆದಿದ್ದರಿಂದ ಮಾತು ತಿಳಿಯಲಿಲ್ಲ. ಹೆಂಡತಿ ಬಗ್ಗಿ ಕೇಳಿಸಿಕೊಂಡು ನನಗೆ ಹೇಳಿದರು.

"ಪೆಟ್ಗೆ ದಿಟವಾಗ್ಲೂ ನೋಡಿತ್ತಾ ಅಂತ ಕೇಳ್ತಾವ್ರೆ."

"ನೋಡಿತ್ತು," ಅಂದೆ. "ಆ ಯಮ್ಮ ಮನೆ ಬಿಡಕ್ಕೂ ಮುಂಚೆ."

ಆಕೆ ಬಗ್ಗಿ ಅದನ್ನೇ ಗಂಡನ ಇನ್ನೊಂದು ಕಿವಿಯಲ್ಲಿ ಹೇಳಿದರು.

ಪೊಲೀಸರು ಎರಡೂ ಕಡೆಯವರ ಮೇಲೆ ಕೇಸು ಹಾಕಿದರು. ಅರಣ್ಯದವರು ಬಂದು ತಂತಿ ಸುತ್ತಿಕೊಂಡು ಹೋದರು. ಅದರ ಬಗ್ಗೆ ಯಜಮಾನರು ಸುಳ್ಳು ಹೇಳಲಿಲ್ಲ, ತಾನೇ ಹಾಕಿದ್ದು ಎಂದು ಬರೆಸಿದರು. ಊರಿನ ಹಿರಿಯರು ರಾಜಿಗೆಂದು ನಮ್ಮ ಮನೆಯವರೆಗೂ ಬಂದರು. ನಮ್ಮವ್ವ ಅವರನ್ನು ಜಗಲಿ ಹತ್ತಿಸಲಿಲ್ಲ. ಆಸ್ಪತ್ರೆಯಲ್ಲಿ ನನ್ನ ಕೈಯ ಮೂಳೆಗೆ ಪ್ಲೇಟು ಹಾಕಿದರು.

ಕೈ ಇನ್ನೂ ಕಟ್ಟಿನಲ್ಲಿರುವಾಗಲೇ ನಾನು ಕೆಲಸಕ್ಕೆ ಹೋಗತೊಡಗಿದೆ. ಒಂದು ದಿನ ಸತ್ತ ಹೆಂಗಸಿನ ಗಂಡ ಬಸ್ಸು ಹತ್ತಿ ಚಾಮರಾಜನಗರಕ್ಕೆ ಬಂದ. ಕೋಣೆಯ ಬಾಗಿಲಲ್ಲೇ ನಿಂತು ಕೇಳಿದ. "ಪೆಟ್ಗೆ ನೋಡಿತ್ತು ಅಂತವ್ರೆ ಊರಲ್ಲಿ. ದಿಟವಾ?"

ನಾನು ಚಿತ್ರವನ್ನು ಪರದೆಗೆ ತಂದು ತೋರಿಸಿದೆ. ಮಸುಕು ಬೆಳಕಿನಲ್ಲಿ ಹೂವಿನ ಸಾಲು, ಅದರ ನಡುವೆ ಆನೆಯ ಬೆನ್ನು.

"ನನ್ನೆಡ್ತಿ ಇಲ್ವಾ ಇದ್ರಲ್ಲಿ?"

"ಇಲ್ಲಣ್ಣ. ಇದು ಅವ್ರು ಬರಕ್ ಮುಂಚಿಂದು."

"ಇದಾದ್ ಮ್ಯಾಲಿಂದು?"

ಅದೂ ಇತ್ತು. ನಾನು ತೋರಿಸಲಿಲ್ಲ. ಅವನು ನನ್ನ ಮುಖ ನೋಡಿ ತಿಳಿದುಕೊಂಡ.

"ಕಣ್ಣಿಟ್ಕೊಂಡು ನೋಡ್ತಾ ನಿಂತಿತ್ತು ಅನ್ನಿ," ಎಂದ.

ಮುಂದಿನ ವಾರ ಆ ಹೊಲದ ಕ್ಯಾಮೆರಾವನ್ನು ಹೊಸ ಪೆಟ್ಟಿಗೆಗೆ ಜೋಡಿಸಲು ಬೇರೊಬ್ಬ ಟೆಕ್ನಿಷಿಯನ್ ಜೊತೆ ಹೋದಾಗ ಆ ಗಂಡ ಕೊಡಲಿ ಹಿಡಿದು ಬಂದ. ಯಾರ ಕಡೆಯೂ ನೋಡದೆ ಕ್ಯಾಮೆರಾ ಕಂಬದ ಬುಡಕ್ಕೆ ಹಾಕಿದ. ತೇಗದ ಕಂಬ, ಗಟ್ಟಿಯಿತ್ತು. ಜೊತೆಗೆ ಬಂದಿದ್ದ ಫಾರೆಸ್ಟ್ ಗಾರ್ಡ್ ತಡೆಯಲು ಹೆಜ್ಜೆಯಿಟ್ಟ. ಬೇಡ ಅಂದೆ. ಚಕ್ಕೆಗಳು ಸಿಡಿದು ನಮ್ಮ ಕಾಲಿಗೆ ಬಡಿಯುತ್ತಿದ್ದವು. ಕಂಬ ಉರುಳಿದ ಮೇಲೆ ಕ್ಯಾಮೆರಾವನ್ನು ಕೊಡಲಿಯ ಹಿಂಬದಿಯಿಂದ ಜಜ್ಜಿದ. ಗಾಜು ಪುಡಿಯಾಗುವವರೆಗೂ, ಪುಡಿಯಾದ ಮೇಲೂ. ಅಂಗೈ ಕಿತ್ತು ರಕ್ತ ಬರುತ್ತಿತ್ತು. ಆಮೇಲೆ ಕೊಡಲಿ ಅಲ್ಲೇ ಬಿಟ್ಟು ಊರಿನ ಕಡೆ ನಡೆದ. ನಾವು ಇನ್ನೊಂದು ಕಂಬ ನೆಟ್ಟೆವು.

ಕೆಲಸದಲ್ಲಿ ನಾನು ಬದಲಾಯಿಸಿದ್ದು ಇಷ್ಟು. ಎಲ್ಲ ಊರುಗಳಲ್ಲೂ ಮೋಡೆಮ್ಮಿಗೂ ಬ್ಯಾಟರಿ ಕೊಡಿಸಿದೆ. ಸತ್ತಿದೆ ಎಂದು ಬರೆದ ಪೆಟ್ಟಿಗೆ ಮರಳಿ ಬಂದರೆ, ಅದು ತನ್ನಲ್ಲಿಟ್ಟುಕೊಂಡ ಸುದ್ದಿಯನ್ನು ಮುಖ್ಯ ಯಂತ್ರ ಮೊದಲು ಕೇಳುವ ಹಾಗೆ ಮಾಡಿದೆ. ಮೂರನೆಯದಕ್ಕೆ ಮೇಲಿನವರ ಜೊತೆ ಜಗಳವಾಡಬೇಕಾಯಿತು. ಒಂದು ಪೆಟ್ಟಿಗೆಯ ನಾಡಿ ತಪ್ಪಿದರೆ ಆ ಊರಿನವರಿಗೆ ಅದನ್ನೇ ಮೆಸೇಜ್ ಮಾಡಬೇಕು, ನಮಗೀಗ ಕಾಣುತ್ತಿಲ್ಲ, ಬೆಳಕಾಗುವವರೆಗೆ ಹೊಲಕ್ಕೆ ಇಳಿಯಬೇಡಿ ಎಂದು. ನಮ್ಮ ಯಂತ್ರ ಕೆಟ್ಟಿದೆ ಎಂದು ನಾವೇ ಊರೂರಿಗೆ ಸಾರಿದರೆ ಹೆಸರು ಹಾಳಾಗುತ್ತದೆ ಎಂದರು. ನಾನು ಪ್ಲೇಟು ಹಾಕಿದ ಕೈಯನ್ನು ಮೇಜಿನ ಮೇಲಿಟ್ಟು, ಹೆಸರಿಗಿಂತ ಮೊದಲು ಹಾಳಾಗುವುದು ಬೇರೆ ಇದೆ ಅಂದೆ. ಒಪ್ಪಿದರು. ಅಣ್ಣ ಆ ಊರಿನ ಕಡೆ ಮತ್ತೆ ಹೋಗಲಿಲ್ಲ. ಈಗ ಅವನು ಗುಂಡ್ಲುಪೇಟೆಯಲ್ಲಿ ಫ್ಯಾನು, ಮಿಕ್ಸಿ ರಿಪೇರಿಯ ಅಂಗಡಿ ಇಟ್ಟಿದ್ದಾನೆ. ನಾನು ಹೋದರೆ ಟೀ ತರಿಸುತ್ತಾನೆ. ಆ ಸಂಜೆಯ ಮಾತನ್ನು ಅವನೂ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ.

ಕೇಸು ಇನ್ನೂ ನಡೆಯುತ್ತಿದೆ. ಕಳೆದ ಸಲ ಕೋರ್ಟಿನ ಹೊರಗೆ ಬೆಂಚಿನ ಮೇಲೆ ಕೂತಿದ್ದಾಗ ಯಜಮಾನರ ಹೆಂಡತಿ ಬಂದು ಪಕ್ಕದಲ್ಲಿ ಕೂತರು. ಯಜಮಾನರು ದೂರದಲ್ಲಿ ಕಂಬಕ್ಕೆ ಒರಗಿ ನಿಂತಿದ್ದರು. ಒಂದು ಕಿವಿ ಕೇಳಿಸುವುದಿಲ್ಲವಂತೆ.

"ಮೆಸೇಜು ನನ್ ಫೋನ್ಗೂ ಬತ್ತದ," ಅಂದರು ಆಕೆ. "ಮೊನ್ನೆ ಕಾಣಾಕಿಲ್ಲ ಅಂತ ಬಂತು. ಇನ್ನಾ ಬೆಳ್ಕರಿದಿರ್ನಿಲ್ಲ. ಕೂಲಿಯೋರ ಬೀದೀಗೋಗಿ ಒಂದೊಂದ್ ಬಾಗ್ಲೂ ಬಡ್ದೆ, ಈಗ್ಲೇ ಬರ್ಬೇಡಿ ಅಂದೆ."

"ಏನಂದ್ರು?"

"ಒಬ್ರೂ ಮಾತಾಡ್ನಿಲ್ಲ ಕಣಮ್ಮಿ. ಆ ಯಮ್ಮನ ಗಂಡ ಬಾಗ್ಲು ತೆಗ್ದು ನನ್ ಮಕ ನೋಡಿ ಅಂಗೇ ಹಾಕೊಂಡ." ಆಕೆ ಸೆರಗಿನಿಂದ ಬಾಯಿ ಒರೆಸಿಕೊಂಡರು. "ಹೊಲಕ್ ಮಾತ್ರ ಯಾರೂ ಇಳೀನಿಲ್ಲ."

ಅಷ್ಟರಲ್ಲಿ ಒಳಗಿನಿಂದ ಅವರ ಕಡೆಯವರನ್ನು ಕೂಗಿದರು. ಆಕೆ ಎದ್ದು, ಗಂಡನಿಗೆ ಕೇಳಿಸಿರಲಾರದೆಂದು, ಹೋಗಿ ಅವರ ತೋಳು ಮುಟ್ಟಿದರು.